ಒಂಬತ್ತನೆಯ ಕಲಂ

ಸಂಬಳವಿಲ್ಲ ಎಂದು ಮೊದಲೇ ಹೇಳಿದ್ದರು.
ಪೆಟ್ರೋಲಿನ ದುಡ್ಡು ಕೊಡುತ್ತೇವೆ, ರಶೀದಿ ಇಟ್ಟುಕೊಳ್ಳಿ;
ಊಟಕ್ಕೆ ಮಿತಿ ಇದೆ, ವೈನು ಸೇರುವುದಿಲ್ಲ.
ಕ್ರೈಸ್ಟ್‌ಚರ್ಚಿನ ಆ ಸಭೆಯಲ್ಲಿ ಕೈ ಎತ್ತಿದ್ದು ನಾನೇ,
ಉಳಿದವರೆಲ್ಲ ಒಮ್ಮೆಗೇ
ತಮ್ಮ ತಮ್ಮ ಚಹಾ ಬಟ್ಟಲಿನ ತಳ ನೋಡತೊಡಗಿದಾಗ.

ಈಗ ಶನಿವಾರ. ಬೆಟ್ಟದ ಕಣಿವೆ ದಾಟಿ,
ಒಂದೇ ಗಾಡಿ ಹಿಡಿಸುವ ಸೇತುವೆಯ ಬಳಿ
ಎದುರಿನ ಹಾಲಿನ ಟ್ಯಾಂಕರಿಗೆ ದಾರಿ ಬಿಟ್ಟು,
ಪಡುಗಡಲಿನ ಈ ಸಣ್ಣ ಆಸ್ಪತ್ರೆಗೆ ಬಂದಿದ್ದೇನೆ
ಮೂವತ್ತೊಂದು ಪುಟದ ನಮೂನೆ ಹಿಡಿದು,
ಇಲ್ಲಿ ಅರಿವಳಿಕೆ ಕಲಿಯುವವರ ಪಕ್ಕದಲ್ಲಿ
ಕಲಿಸುವವರು ನಿಂತಿದ್ದಾರೆಯೇ ಎಂದು ನೋಡಲು.

ಜತೆಗೆ ಡೆಸ್ಮಂಡ್ ಹೂಲಹನ್. ಡಾಕ್ಟರಲ್ಲ.
ಮೂವತ್ತು ವರ್ಷ ರೈಲು ಓಡಿಸಿದವರು,
ಮಂಡಳಿಯಲ್ಲಿ ರೋಗಿಗಳ ಪರ ಕೂರುವವರು.
ದಾರಿಯುದ್ದಕ್ಕೂ ಮಾತಿಲ್ಲ. ರಸ್ತೆಯ ಪಕ್ಕ ಹಳಿ ಬಂದಾಗ ಮಾತ್ರ
"ಇಲ್ಲಿ ಸೀಟಿ ಹಾಕಬೇಕು" ಅಂದರು, ಯಾರಿಗೋ ಎಂಬಂತೆ.

ಇಲ್ಲಿ ಹಿರಿಯ ವೈದ್ಯ ಒಬ್ಬರೇ, ಲಾಕ್ಲನ್ ಕಿನ್‌ಮಾಂಟ್.
ಇಪ್ಪತ್ತಾರು ವರ್ಷದ ಹಿಂದೆ, ಬೇರೆ ಊರಿನಲ್ಲಿ,
ನಡುಗುವ ನನ್ನ ಬೆರಳ ಮೇಲೆ ತಮ್ಮ ಬೆರಳಿಟ್ಟು
"ಮಾಸ್ಕನ್ನು ಮುಖಕ್ಕೆ ಒತ್ತಬೇಡ,
ಮುಖವನ್ನು ಮಾಸ್ಕಿಗೆ ತಾ" ಎಂದವರು.
ಅದೊಂದು ಮಾತಿನ ಮೇಲೆ ಎಷ್ಟು ಸಾವಿರ ಜನ
ಉಸಿರಾಡಿ, ಎದ್ದು, ಚಪ್ಪಲಿ ಹುಡುಕಿಕೊಂಡು ಮನೆಗೆ ಹೋದರೋ.

ಸ್ಕೋನ್ ತರಿಸಿದ್ದಾರೆ. ಫಿಜೋವಾ ಜಾಮು ನನಗಿಷ್ಟವೆಂದು
ಇನ್ನೂ ನೆನಪಿದೆ ಅವರಿಗೆ. ನಾನು ಮುಟ್ಟಲಿಲ್ಲ.
ನಿಯಮ ತಡೆಯಿತೆಂದಲ್ಲ, ಗಂಟಲು ತಡೆಯಿತು.

ಬಾಗಿಲು ಮುಚ್ಚಿದ ಮೇಲೆ ಕಲಿಯುವ ಹುಡುಗಿ:
ರಂಗಿಮಾರಿ ಟೌಫಾರೆ, ಎರಡನೆಯ ವರ್ಷ.
ದಾಖಲೆ ಪುಸ್ತಕ ಅಚ್ಚುಕಟ್ಟು, ಮುನ್ನೂರ ಹದಿನೆಂಟು ಕೇಸು.
ಎಲ್ಲ ಚೆನ್ನಾಗಿದೆ ಎನ್ನುತ್ತಾಳೆ. ಎಲ್ಲರೂ ಒಳ್ಳೆಯವರು ಎನ್ನುತ್ತಾಳೆ.
ನಾನು ಸಾಲಾಗಿ ಕೇಳುತ್ತೇನೆ,
ಅವಳು ಸಾಲಾಗಿ ನಾಲ್ಕು, ನಾಲ್ಕು, ಐದು, ನಾಲ್ಕು.

ಡೆಸ್ಮಂಡ್ ಕನ್ನಡಕ ತೆಗೆದು ಒರೆಸುತ್ತ:
"ಮಗೂ, ರಾತ್ರಿ ಮೂರಕ್ಕೆ ಫೋನ್ ಮಾಡಿದರೆ
ಯಾರು ಬರುತ್ತಾರೆ? ಎಷ್ಟು ಹೊತ್ತಿಗೆ?"

ಹೊರಗೆ ಬಟ್ಟೆ ಒಗೆಯುವವರ ಗಾಡಿಯೊಂದು ಕಿರುಗುಟ್ಟುತ್ತ ಹೋಯಿತು.
ಅದರ ಸದ್ದು ಮುಗಿಯುವವರೆಗೂ ಕಾದಳು.
"ಡಾಕ್ಟರ್ ಲಾಕ್ಲನ್ ಬರುತ್ತಾರೆ. ಯಾವಾಗಲೂ ಬರುತ್ತಾರೆ.
ನಲವತ್ತು ನಿಮಿಷ. ಹೊಳೆ ತುಂಬಿದ್ದರೆ ಇನ್ನೂ ಜಾಸ್ತಿ.
ಮೇ ತಿಂಗಳಲ್ಲಿ ಒಂದು ಹೆರಿಗೆ...
ಅವರು ಬರುವಷ್ಟರಲ್ಲಿ ಎಲ್ಲ ಸರಿಹೋಗಿತ್ತು. ತಾಯಿ, ಕೂಸು, ಇಬ್ಬರೂ."
ಮುಂದೆ ಹೇಳಲಿಲ್ಲ.
ಎಡಗೈಯ ಮೂರು ಬೆರಳಿನಿಂದ, ತನಗೇ ತಿಳಿಯದೆ,
ಮೇಜಿನ ಮೇಲಿನ ಗಾಳಿಯಲ್ಲಿ ಗದ್ದವೊಂದನ್ನು ಎತ್ತಿ ಹಿಡಿದಳು.
ಒತ್ತಲಿಲ್ಲ. ಮೇಲಕ್ಕೆ ತಂದಳು.
ಆ ಹಿಡಿತ ನನಗೆ ಗೊತ್ತು.

ಅನುಮತಿ ಕಿತ್ತರೆ ಇವಳು ನಗರಕ್ಕೆ ಹೋಗುತ್ತಾಳೆ,
ರಾತ್ರಿ ಪಾಳಿ ಖಾಲಿ, ಹೆರಿಗೆ ಕೋಣೆಗೆ ಬೀಗ,
ಬಸುರಿಯರು ಅದೇ ಒಂಟಿ ಸೇತುವೆಯಲ್ಲಿ ಟ್ಯಾಂಕರಿಗಾಗಿ ಕಾಯಬೇಕು.
ಉಳಿಸಿದರೆ, ಬರುವ ಮೇ ತಿಂಗಳ ನಲವತ್ತು ನಿಮಿಷ
ಇನ್ನೊಬ್ಬ ಹುಡುಗಿಯದು.
ಕೈ ಎತ್ತುವಾಗ ಇದನ್ನು ಯಾರೂ ಹೇಳಿರಲಿಲ್ಲ,
ಅಥವಾ ಹೇಳಿದ್ದರು, ನಾನು ರಶೀದಿಯ ಮಾತು ಕೇಳಿಸಿಕೊಳ್ಳುತ್ತಿದ್ದೆ.

ಕಾರಿನವರೆಗೂ ಬಂದರು ಲಾಕ್ಲನ್. ಕುಂಟುತ್ತಾರೆ ಈಗ.
"ಇನ್ನೊಬ್ಬರನ್ನು ಕೊಡಿ ಎಂದು ಹನ್ನೊಂದು ಸಲ ಬರೆದೆ.
ನೀನು ಕೆಟ್ಟದಾಗಿ ಬರೆ. ಕೆಟ್ಟದ್ದನ್ನಾದರೂ ಓದುತ್ತಾರೆ."
ಕಾಗದದ ಕರವಸ್ತ್ರದಲ್ಲಿ ಸುತ್ತಿದ್ದೊಂದನ್ನು ಕಿಟಕಿಯಿಂದ ಒಳಗಿಟ್ಟರು.

ಸೇತುವೆಯ ಈಚೆ, ನಮ್ಮ ಸರದಿಗೆ ಕಾಯುತ್ತ,
ಸ್ಟೀರಿಂಗಿನ ಮೇಲೆ ನಮೂನೆ ಇಟ್ಟು ತುಂಬಿದೆ:
ಕಲಂ ಒಂಬತ್ತು, ರಾತ್ರಿಯ ಮೇಲ್ವಿಚಾರಣೆ. ಒಂದು.
ಡೆಸ್ಮಂಡ್ ನೋಡಿದರು, ಹೊಳೆಯ ಕಡೆ ತಿರುಗಿದರು.
ಆಮೇಲೆ ಖರ್ಚಿನ ಪಟ್ಟಿ. ಪೆಟ್ರೋಲು, ಇಷ್ಟು.
ಊಟದ ಸಾಲಿನಲ್ಲಿ ಸೊನ್ನೆ ಬರೆದೆ,
ಮಡಿಲ ತುಂಬ ಸ್ಕೋನಿನ ಪುಡಿ.